ಅಂಗಡಿಯ ಅಂದ, ಸರಕಿನ ಚೆಂದ

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸೀರೆ ಕೊಂಡವರೆಲ್ಲ ಬಲ್ಲ ನೋಟವೊಂದುಂಟು. ವರ್ತಕನು ಬಿಳಿಯ ಹಾಸಿನ ಮೇಲೆ ಸೀರೆಯನ್ನು ಬಿಡಿಸಿ ಮೊದಲು ಸೆರಗನ್ನು ತೋರಿಸುತ್ತಾನೆ. ಆಮೇಲೆ ಅಂಚು, ಕಡೆಗೆ ಒಡಲು. ಬಣ್ಣದ ವಿಷಯದಲ್ಲಿ ಸಂಶಯ ಬಂದರೆ ಬಾಗಿಲ ಬೆಳಕಿಗೆ ಹಿಡಿಯುತ್ತಾನೆ. ಆ ಅಂಗಡಿಯ ಗೋಡೆ ಯಾವ ಬಣ್ಣದ್ದೆಂದು ಮನೆಗೆ ಬಂದ ಮೇಲೆ ಯಾರೂ ಹೇಳಲಾರರು, ಹೇಳಬೇಕಾಗಿಯೂ ಇಲ್ಲ. ನೆನಪಿನಲ್ಲಿ ನಿಲ್ಲತಕ್ಕದ್ದು ಸೀರೆಯೇ ಹೊರತು ಗೋಡೆಯಲ್ಲ.

ಈಗ ಅಂಗಡಿಯೇ ಅಂಗೈಗೆ ಬಂದಿದೆ. ಗೋಡೆ, ಬಾಗಿಲು, ಹಾಸು, ವರ್ತಕನ ಕೈ—ಇಷ್ಟರ ಕೆಲಸವನ್ನೂ ಆನ್‌ಲೈನ್ ಅಂಗಡಿಯಲ್ಲಿ ‘ಟೆಂಪ್ಲೇಟ್’ ಎಂಬ ಸಿದ್ಧವಿನ್ಯಾಸವೊಂದೇ ಮಾಡಬೇಕು. ಚಿತ್ರ ಎಲ್ಲಿ, ಬೆಲೆ ಎಲ್ಲಿ, ಅಕ್ಷರ ಎಷ್ಟು ದೊಡ್ಡದು ಎಂಬುದೆಲ್ಲ ಅದರಲ್ಲಿ ಬಹುಮಟ್ಟಿಗೆ ಮೊದಲೇ ನಿಶ್ಚಯವಾಗಿರುತ್ತದೆ.

ನಮ್ಮ ಬೀದಿಯ ಗೃಹಿಣಿಯೊಬ್ಬರು ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಇಳಕಲ್ ಸೀರೆಗಳನ್ನು ತರಿಸಿ ಇಂಥದೊಂದು ಅಂಗಡಿಯನ್ನು ತೆರೆಯಹೊರಟಿದ್ದಾರೆ. “ಮೇಷ್ಟ್ರೇ, ಇವುಗಳಲ್ಲಿ ಯಾವುದು ಚೆನ್ನ, ನೋಡಿ ಹೇಳಿ” ಎಂದು ನಾಲ್ಕಾರು ಮಾದರಿಗಳನ್ನು ಮುಂದಿಟ್ಟರು. ಎಲ್ಲವೂ ಚೆನ್ನಾಗಿಯೇ ಇದ್ದವು. ತೊಡಕು ಇದ್ದುದೇ ಅಲ್ಲಿ. ಮಾದರಿಯ ಚೆಲುವಿನಲ್ಲಿ ಹೆಚ್ಚಿನ ಪಾಲು ಅದರಲ್ಲಿ ತುಂಬಿಟ್ಟ ಛಾಯಾಚಿತ್ರಗಳದು. ಮದುವೆಮನೆಗೆಂದು ಎರವಲು ತಂದ ಒಡವೆಯಂತೆ ಅದು ಮರುದಿನ ಹಿಂದಿರುಗತಕ್ಕದ್ದು. ಆದುದರಿಂದ ಮೊದಲನೆಯ ಪರೀಕ್ಷೆಯೆಂದರೆ, ನಮ್ಮ ಸರಕನ್ನೇ ಅದರಲ್ಲಿಟ್ಟು ನೋಡುವುದು.

ಶಾಪಿಫೈ ಸಂಸ್ಥೆ 2021ರಲ್ಲಿ ಹೊರತಂದ ‘ಡಾನ್’ ಎಂಬ ಉಚಿತ ವಿನ್ಯಾಸವನ್ನೇ ತೆಗೆದುಕೊಳ್ಳೋಣ. ಆಡಂಬರವಿಲ್ಲದ ಅಚ್ಚುಕಟ್ಟಾದ ವಿನ್ಯಾಸವದು. ಸಾಲಾಗಿ ಜೋಡಿಸಿದ ಸರಕುಗಳ ಚಿತ್ರಗಳನ್ನು ಚೌಕವಾಗಿಯೋ, ನೀಳವಾಗಿಯೋ, ಮೂಲಚಿತ್ರದ ಆಕಾರದಲ್ಲಿಯೋ ತೋರಿಸುವ ಆಯ್ಕೆ ಅದರಲ್ಲಿದೆ. ಚೌಕವನ್ನು ಆರಿಸಿದರೆ ನೀಳವಾದ ಚಿತ್ರದ ಮೇಲುಕೆಳಗು ಕತ್ತರಿಸಿಹೋಗುತ್ತದೆ. ಬಟ್ಟಲಿಗೋ ಪುಸ್ತಕಕ್ಕೋ ಇದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಇಳಕಲ್ ಸೀರೆಯ ಜೀವವಿರುವುದೇ ಸೆರಗಿನಲ್ಲಿ. ಕೆಂಪು ರೇಷ್ಮೆಯ ನಡುವೆ ಬಿಳಿಯ ತೆನೆಯೆತ್ತಿದ ಆ ಸೆರಗನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುವುದು ಅಲ್ಲಿಯ ನೇಕಾರರ ವೈಶಿಷ್ಟ್ಯ. ಅದು ಚೌಕದ ಆಚೆಗೆ ಉಳಿದರೆ, ನೋಡುವವರ ಕಣ್ಣಿಗೆ ಇಳಕಲ್ ಸೀರೆಯೂ ಒಂದೇ, ಗಿರಣಿಯ ಬಟ್ಟೆಯೂ ಒಂದೇ. ಒಂದೇ ಆದ ಮೇಲೆ ಅಗ್ಗವಾದದ್ದನ್ನು ಕೊಳ್ಳದೆ ಮತ್ತೇನು ಮಾಡಿಯಾರು?

ಸೆರಗನ್ನು ಎರಡನೆಯ ಚಿತ್ರವಾಗಿ ಇಡಬಹುದಲ್ಲವೇ ಎಂದು ವಾಚಕರು ಕೇಳಬಹುದು. ಇಡಬಹುದು, ಮೌಸಿನ ಬಾಣವನ್ನು ಚಿತ್ರದ ಮೇಲೆ ಒಯ್ದಾಗ ಎರಡನೆಯ ಚಿತ್ರ ಮೂಡುವ ಸೌಕರ್ಯವೂ ಅಲ್ಲಿದೆ. ಆದರೆ ಬೆರಳಿನಿಂದ ಮುಟ್ಟುವ ಫೋನಿಗೆ ಬಾಣವೆಲ್ಲಿಯದು? ಆದುದರಿಂದ ವಿನ್ಯಾಸವನ್ನು ದೊಡ್ಡ ಪರದೆಯ ಮೇಲೆ ನೋಡಿ ಮೆಚ್ಚುವ ಮುನ್ನ ಮನೆಯಲ್ಲಿರುವ ಅತಿ ಸಾಧಾರಣವಾದ ಫೋನಿನಲ್ಲಿ, ಬಿಸಿಲಿನಲ್ಲಿ ನಿಂತು ನೋಡತಕ್ಕದ್ದು.

ಅಕ್ಷರಗಳ ಮಾತೂ ಸಣ್ಣದಲ್ಲ. ಬಿಳಿಯ ಮೇಲೆ ತೆಳುಬೂದು ಅಕ್ಷರ ಬರೆಯುವುದು ಇತ್ತೀಚಿನ ಶೋಕಿ. ಜಾಲತಾಣಗಳ ಸುಗಮತೆಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಧಾರಣ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರಷ್ಟಿರಬೇಕು. ಬೆಲೆಯನ್ನು ಓದಲು ಅಜ್ಜಿಗೆ ಮೊಮ್ಮಗನ ನೆರವು ಬೇಕಾದರೆ ಆ ಅಂಗಡಿ ಅಜ್ಜಿಯ ಪಾಲಿಗೆ ಮುಚ್ಚಿದಂತೆಯೇ. ಕನ್ನಡಕ್ಕಂತೂ ಇನ್ನೊಂದು ಕಷ್ಟವಿದೆ. ಇಂಗ್ಲಿಷಿಗಾಗಿ ಅಳೆದ ಸಾಲುಗಳ ನಡುವೆ ನಮ್ಮ ಒತ್ತಕ್ಷರಗಳಿಗೆ ಎಡೆ ಸಾಲದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ‘ಸ್ತ್ರೀ’, ‘ರಾಷ್ಟ್ರ’, ‘ವಸ್ತ್ರ’ ಎಂಬ ಶಬ್ದಗಳನ್ನು ಎರಡು ಸಾಲುಗಳಲ್ಲಿ ಬರೆದು ನೋಡಿದರೆ ವಿನ್ಯಾಸದ ಯೋಗ್ಯತೆ ತಾನಾಗಿಯೇ ಹೊರಬೀಳುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಒಂದು ಮಾದರಿಯಲ್ಲಿ “ಇನ್ನು ಹತ್ತೇ ನಿಮಿಷ” ಎಂದು ಇಳಿಯೆಣಿಕೆಯ ಗಡಿಯಾರವೊಂದು ಓಡುತ್ತಿತ್ತು. ಪುಟವನ್ನು ಮತ್ತೆ ತೆರೆದರೆ ಮತ್ತೆ ಅದೇ ಹತ್ತು ನಿಮಿಷ! “ಎಲ್ಲರೂ ಹಾಕುತ್ತಾರಲ್ಲ, ಮೇಷ್ಟ್ರೇ?” ಎಂದರು ಆಕೆ. ಹಾಕುವರೇನೋ ನಿಜ, ಆದರೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದ ಹದಿಮೂರು ಬಗೆಯ ವಂಚಕ ವಿನ್ಯಾಸಗಳಲ್ಲಿ ಇಂಥ ಸುಳ್ಳು ಅವಸರವೂ ಒಂದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಇನ್ನೊಂದು. 2020ರ ಇ-ವಾಣಿಜ್ಯ ನಿಯಮಗಳಂತೆ ಮಾರುವವರ ವಿಳಾಸ, ಒಟ್ಟು ಬೆಲೆಯ ವಿವರ, ಹಿಂದಿರುಗಿಸುವ ಕ್ರಮ, ದೂರು ಕೇಳುವ ಅಧಿಕಾರಿಯ ಹೆಸರು ಗ್ರಾಹಕನಿಗೆ ಸ್ಪಷ್ಟವಾಗಿ ಕಾಣಬೇಕು. ಗಡಿಯಾರಕ್ಕೆ ನಡುಮನೆಯನ್ನೂ ಇವಕ್ಕೆ ಹಿತ್ತಿಲನ್ನೂ ಕೊಟ್ಟ ವಿನ್ಯಾಸ ಎಷ್ಟು ಸುಂದರವಾಗಿದ್ದರೇನು? ನೆರೆಹೊರೆಯವರ ನಂಬಿಕೆಯನ್ನೇ ಬಂಡವಾಳವಾಗಿ ಉಳ್ಳವರಿಗೆ ಅದು ದುಬಾರಿಯ ಅಲಂಕಾರ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಾದಿಸಿದನು. ಅಲಂಕಾರ ತನಗಾಗಿ ಇರುವಂಥದಲ್ಲ. ತಕ್ಕ ಎಡೆಯಲ್ಲಿದ್ದರೆ ಮಾತ್ರ ಅದು ಶೋಭೆ. ತರಗತಿಯಲ್ಲಿ ಈ ಮಾತಿಗೆ ಆಕಳಿಸುವ ವಿದ್ಯಾರ್ಥಿಗಳು ಮುಂದೊಂದು ದಿನ ಅಂಗಡಿಯಿಟ್ಟಾಗಲಾದರೂ ನೆನೆದಾರೆಂಬ ಆಸೆ ನನಗಿದೆ. “ಇದು ಚೆನ್ನಾಗಿದೆಯೇ?” ಎಂದು ಕೇಳುವ ಬದಲು “ಇದರಲ್ಲಿ ನನ್ನ ಸರಕು ಚೆನ್ನಾಗಿ ಕಾಣುತ್ತದೆಯೇ? ಇದ್ದುದು ಇದ್ದಂತೆ ಕಾಣುತ್ತದೆಯೇ?” ಎಂದು ಕೇಳಿಕೊಂಡರೆ ಸಾಕು, ಆರಿಸುವ ಕೆಲಸ ಅರ್ಧ ಮುಗಿದಂತೆ.