ಕುಣಿಗಲ್ ಈಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯೇ? ಗೊಂದಲ ಎಲ್ಲಿಂದ ಬಂತು?

‘ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದೆ’ ಎಂಬ ಮಾತು ಅರ್ಧ ಸತ್ಯ. ಲೋಕಸಭೆ ಚುನಾವಣೆಗೆ ಹೌದು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅಲ್ಲ. ಕುಣಿಗಲ್ ಇಂದಿಗೂ ತುಮಕೂರು ಜಿಲ್ಲೆಯ 10 ತಾಲ್ಲೂಕುಗಳಲ್ಲಿ ಒಂದು.

ತುಮಕೂರು ಜಿಲ್ಲೆಯಾಗಿದ್ದು ಯಾವಾಗ?

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯಿತು. ಮುಂದೆ ತುಮಕೂರು ಸೀಮೆ ಚಿತ್ರದುರ್ಗ ವಿಭಾಗದಲ್ಲಿತ್ತು. ಆ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಅವರಿಂದಲೇ ಡಾಬಸ್‌ಪೇಟೆಗೆ ಆ ಹೆಸರು ಬಂತು. 1860ರ ದಶಕದಲ್ಲಿ ಕಮಿಷನರ್ ಬೌರಿಂಗ್ ಕಾಲದಲ್ಲಿ ರಾಜ್ಯವನ್ನು 8 ಜಿಲ್ಲೆಗಳಾಗಿ ಮಾಡಿದರು. ಅದರಲ್ಲಿ ತುಮಕೂರೂ ಒಂದು. ಬೆಂಗಳೂರು, ಕೋಲಾರದ ಜೊತೆ ಅದು ನಂದಿದುರ್ಗ ವಿಭಾಗಕ್ಕೆ ಸೇರಿತು.

ಒಂದೇ ಜಿಲ್ಲೆ, ಮೂರು ಲೋಕಸಭಾ ಕ್ಷೇತ್ರ

ಗೊಂದಲದ ಮೂಲ ಇಲ್ಲಿದೆ. 2008ರ ಕ್ಷೇತ್ರ ಮರುವಿಂಗಡಣೆಯ ಪ್ರಕಾರ ಗುಬ್ಬಿ ತುಮಕೂರು ಲೋಕಸಭಾ ಕ್ಷೇತ್ರದಲ್ಲಿದೆ. ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ, ಕುಣಿಗಲ್ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿವೆ. ಇದು ಓಟಿನ ಗಡಿ. ಕಂದಾಯದ ಗಡಿ ಬೇರೆ. ಕುಣಿಗಲ್ ತಹಶೀಲ್ದಾರರ ಮೇಲಿರುವುದು ತುಮಕೂರಿನ ಉಪವಿಭಾಗಾಧಿಕಾರಿ, ಅವರ ಮೇಲೆ ತುಮಕೂರು ಜಿಲ್ಲಾಧಿಕಾರಿ.

ಗಾಡಿ ನಂಬರ್ ನೋಡಿಯೂ ಜಿಲ್ಲೆ ಎಣಿಸಬೇಡಿ. ತುಮಕೂರಿಗೆ ಕೆಎ-06, ತಿಪಟೂರಿಗೆ ಕೆಎ-44, ಮಧುಗಿರಿಗೆ ಕೆಎ-64. ಮೂರೂ ಒಂದೇ ಜಿಲ್ಲೆ.

ಹೆಸರು ಬದಲಾದರೆ ಹಳೇ ಪತ್ರ ನಡೆಯುತ್ತದೆಯೇ?

2014ರ ನವೆಂಬರ್ 1ರಂದು ಇಂಗ್ಲಿಷಿನ ‘ಟುಮ್ಕೂರ್’ ಅಧಿಕೃತವಾಗಿ ‘ತುಮಕೂರು’ ಆಯಿತು. ಬದಲಾದದ್ದು ಹೆಸರು ಮಾತ್ರ. ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಗೇ ಇವೆ. ಹಳೇ ಕ್ರಯಪತ್ರದಲ್ಲಿ ಹಳೇ ಹೆಸರಿದೆ ಎಂಬ ಕಾರಣಕ್ಕೇ ಅದು ರದ್ದಾಗುವುದಿಲ್ಲ. ‘ಹೆಸರು ತಿದ್ದಿಸಿಕೊಡುತ್ತೇವೆ’ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡುವ ಮುನ್ನ ನಾಡಕಚೇರಿಯಲ್ಲಿ ವಿಚಾರಿಸಿ.

ಗಡಿ ನಿಜವಾಗಿ ಬದಲಾಗುವುದು ಹೇಗೆ?

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಅಡಿ ಸರ್ಕಾರ ಅಧಿಸೂಚನೆ ಹೊರಡಿಸಬೇಕು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳಾದದ್ದು ಸರ್ಕಾರದ ಆದೇಶದಿಂದಲೇ. ಮಧುಗಿರಿ, ತಿಪಟೂರು ಜಿಲ್ಲೆಯಾಗಲಿ ಎಂಬ ಕೂಗು ಹಳೆಯದು. ಆದರೆ ಬೇಡಿಕೆಯೇ ಆದೇಶವಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಸಂದೇಶದಲ್ಲಿ ಅಧಿಸೂಚನೆಯ ಸಂಖ್ಯೆ, ದಿನಾಂಕ ಇದೆಯೇ ನೋಡಿ. ಕುಣಿಗಲ್ ಕಡೆ ಸೈಟು ಕೊಳ್ಳುವವರು ‘ಬೆಂಗಳೂರು ಗ್ರಾಮಾಂತರ’ ಎಂಬ ಜಾಹೀರಾತು ನಂಬಿ ಮುಂಗಡ ಕೊಡಬೇಡಿ. ಪಹಣಿ ತೆಗೆಸಿ, ಅದರಲ್ಲಿರುವ ಜಿಲ್ಲೆ, ತಾಲ್ಲೂಕು, ಹೋಬಳಿ, ಸರ್ವೆ ನಂಬರ್ ಓದಿ. ಜಮೀನು ಯಾವ ಜಿಲ್ಲೆಯದು ಎಂಬುದಕ್ಕೆ ನೋಡಬೇಕಾದ್ದು ಅದನ್ನೇ.