ಸ್ಕ್ಯಾನ್ ಮಾಡಿದರಷ್ಟೇ ಸಾಲದು

ಕಲಘಟಗಿ ಸೇರಿದಂತೆ ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಈ ಸೀಮೆಯ ಹಳೆಯ ಕಾಗದಪತ್ರಗಳಲ್ಲಿ ಕನ್ನಡದ ಜೊತೆಗೆ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಬರಹವೂ ಇದೆ. ತಾಲ್ಲೂಕು ಕಚೇರಿಗಳಲ್ಲಿರುವ ಇಂಥ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ರಾಜ್ಯ ಸರ್ಕಾರದ ‘ಭೂ ಸುರಕ್ಷಾ’ ಯೋಜನೆ ಸ್ವಾಗತಾರ್ಹ. ವಾಟ್ನಿ (ಆಸ್ತಿ ಪಾಲು), ಪೋಡಿ, ವಾರಸಾ ತಕರಾರುಗಳಲ್ಲಿ ರೈತನ ಕೈಹಿಡಿಯುವುದು ಇವೇ ಹಾಳೆಗಳು.

ಆದರೆ ಊರು, ಸರ್ವೆ ನಂಬರು, ವರ್ಷವಾರು ಸೂಚಿ ಇಲ್ಲದಿದ್ದರೆ ಸ್ಕ್ಯಾನ್ ಪ್ರತಿಯೂ ಬೇಕಾದಾಗ ಸಿಗದು. ದಾಖಲೆಗಳನ್ನು ಪಟ್ಟಿ ಮಾಡಿ ಸೂಚಿ ಸಿದ್ಧಪಡಿಸುವುದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ವಿಧಿಸಿರುವ ಹೊಣೆ. ಮೋಡಿ ಬರಹದ ಹಾಳೆಗಳ ಸೂಚಿಗೆ ಆ ಲಿಪಿ ಓದಬಲ್ಲವರ ನೆರವು ಪಡೆಯಬೇಕು. ಸ್ಕ್ಯಾನ್ ಆಯಿತೆಂದು ಮೂಲ ಕಡತಗಳನ್ನು ರದ್ದಿಗೆ ಹಾಕಬಾರದು. ಶಾಶ್ವತ ಮೌಲ್ಯದವನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಬೇಕು. ಈ ಕೆಲಸಗಳಿಗೆ ಬೇಕಾದ ಸಿಬ್ಬಂದಿ, ಹಣ ಎರಡನ್ನೂ ಸರ್ಕಾರ ಈಗಲೇ ಒದಗಿಸಲಿ.