ದ್ರಾಕ್ಷಿಗೆ ಜಿಐ ಟ್ಯಾಗ್ ಸಿಕ್ಕಿತು, ತೋಟಕ್ಕೆ ಏನು ಸಿಕ್ಕಿತು?

ಕರ್ನಾಟಕದ ಯಾವುದೇ ತಾಲೂಕು ಕೇಂದ್ರದ 'ವೈನ್ ಶಾಪ್'ಗೆ ಹೋಗಿ ವೈನ್ ಕೇಳಿ ನೋಡಿ. ಅಂಗಡಿಯವ ಒಂದು ಕ್ಷಣ ನಿಮ್ಮ ಮುಖ ನೋಡ್ತಾನೆ. ಬೋರ್ಡಿನ ಮೇಲೆ ವೈನ್ ಇರುತ್ತೆ, ಶೆಲ್ಫಿನ ಮೇಲೆ ವಿಸ್ಕಿ, ರಮ್, ಬ್ರಾಂದಿ ಇರುತ್ತೆ. 2025–26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಅದರ ಬಹುಪಾಲು ಬರೋದು ಆ ಶೆಲ್ಫಿನಿಂದಲೇ, ದ್ರಾಕ್ಷಿಯಿಂದಲ್ಲ. ಹಾಗಿದ್ದೂ 2007ರಲ್ಲಿ ರಾಜ್ಯ ಸರ್ಕಾರ 'ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ' ತಂದು, ವೈನ್ ಬೋರ್ಡ್ ಮಾಡಿ, ಇದು ರೈತರಿಗೋಸ್ಕರ ಅಂತ ಹೇಳಿತು. ರೈತರಿಗೆ ಏನು ದಕ್ಕಿತು ಅನ್ನೋದೇ ಈ ಬರಹದ ಪ್ರಶ್ನೆ.

ನಾನು ಇದನ್ನು ಬರೆಯುತ್ತಿರೋದು ಸವಣೂರು ತಾಲೂಕಿನ ಯಲವಿಗಿಯಲ್ಲಿ ಕೂತು. ಇದು ದ್ರಾಕ್ಷಿಯ ಸೀಮೆ ಅಲ್ಲ. ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿ, ಆ ಕಡೆ ಸವಣೂರಿನ ಎಲೆಬಳ್ಳಿ. ದ್ರಾಕ್ಷಿ ಬೇಕಂದ್ರೆ ಉತ್ತರಕ್ಕೆ ವಿಜಯಪುರದ ಕಡೆ ಹೋಗಬೇಕು, ಇಲ್ಲಾ ಇದೇ ರೈಲು ಹಳಿ ಹಿಡಿದು ದಕ್ಷಿಣಕ್ಕೆ ಬೆಂಗಳೂರು ಮುಟ್ಟಿ ನಂದಿ ಬೆಟ್ಟದ ಬುಡಕ್ಕೆ ಹೋಗಬೇಕು. ಆದರೆ ಅಲ್ಲಿನ ದ್ರಾಕ್ಷಿಯ ಕತೆ ಇಲ್ಲಿಯವರಿಗೆ ಬಹಳ ಪರಿಚಿತ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ನಂದಿ. ಈ ತಪ್ಪಲನ್ನು ಭಾರತದ 'ತಂಪು ಹವೆಯ ವೈನ್ ಸೀಮೆ' ಅಂತ ಹೊಗಳೋದು ಸಾಮಾನ್ಯ. ವೈನ್ ಲೋಕದಲ್ಲಿ 'ತಂಪು ಸೀಮೆ' ಅನ್ನೋದು ದೊಡ್ಡ ಬಿರುದು. ಜರ್ಮನಿಯ ಮೊಸೆಲ್ ಕಣಿವೆಯ ರೀಸ್ಲಿಂಗ್, ಫ್ರಾನ್ಸಿನ ಬರ್ಗಂಡಿಯ ಪಿನೋ ನ್ವಾರ್ ಈ ಬಿರುದಿನ ಒಡೆಯರು. ತಂಪಿನಲ್ಲಿ ಹಣ್ಣು ನಿಧಾನಕ್ಕೆ ಮಾಗುತ್ತೆ, ಸಕ್ಕರೆ ಏರುವ ಹೊತ್ತಿಗೆ ಹುಳಿ ಪೂರ್ತಿ ಇಳಿದಿರಲ್ಲ. ಆ ಹುಳಿಯೇ ಅಲ್ಲಿನ ವೈನಿನ ಬೆಲೆ.

ಎಂಜಿನಿಯರಿಂಗ್ ಓದಿದ ಚಟ, ಲೆಕ್ಕ ಹಾಕದೆ ಬಿಡೋಕೆ ಆಗಲ್ಲ. 1944ರಲ್ಲಿ ಕ್ಯಾಲಿಫೋರ್ನಿಯಾದ ಅಮೆರಿನ್ ಮತ್ತು ವಿಂಕ್ಲರ್ ಒಂದು ಅಳತೆ ಕೊಟ್ಟರು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ 214 ದಿನಗಳಲ್ಲಿ ದಿನದ ಸರಾಸರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟು ಮೇಲಿದೆಯೋ ಅದನ್ನೆಲ್ಲ ಕೂಡಿಸೋದು. ಮೊತ್ತ ಸುಮಾರು 1390ರ ಒಳಗಿದ್ದರೆ ಅದು ಅತ್ಯಂತ ತಂಪಿನ ಮೊದಲನೇ ವರ್ಗ. 2222 ದಾಟಿದರೆ ಅತ್ಯಂತ ಬಿಸಿಯ ಐದನೇ ವರ್ಗ. ಬೆಂಗಳೂರಿನ ಸರಾಸರಿಯನ್ನು 24 ಅಂತ ಇಟ್ಟುಕೊಳ್ಳಿ. 14 ಡಿಗ್ರಿ ಗುಣಿಸು 214 ದಿನ, 2996. ನಮ್ಮಲ್ಲಿ ವೈನ್ ದ್ರಾಕ್ಷಿ ಮಾಗೋದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಲ್ವಾ ಅಂತೀರಾ? ಸರಿ, ಆ ಆರು ತಿಂಗಳಿಗೇ ಲೆಕ್ಕ ಹಾಕಿದರೂ 2200ರ ಆಸುಪಾಸು ಬರುತ್ತೆ. ಅಂದ್ರೆ ಪುಸ್ತಕದ ಪ್ರಕಾರ ನಂದಿ ತಂಪು ಸೀಮೆಯೇ ಅಲ್ಲ. ಸುಮಾರು 900 ಮೀಟರ್ ಎತ್ತರ, ಚಳಿಗಾಲದ ರಾತ್ರಿಗಳ ತಂಪು, ಇವೆರಡು ಸೇರಿ ದಖ್ಖನ್ನಿನ ಬಿಸಿಲಿನಲ್ಲಿ ಒಂಚೂರು ರಿಯಾಯಿತಿ ಕೊಡ್ತಾವೆ, ಅಷ್ಟೆ.

ಉಳಿದದ್ದನ್ನು ಕತ್ತರಿ ಮಾಡುತ್ತೆ. ಯೂರೋಪಿನಲ್ಲಿ ಹಿಮ ಬಿದ್ದಾಗ ಬಳ್ಳಿ ನಿದ್ದೆ ಹೋಗುತ್ತೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಹಾಗಾಗಿ ಬೇಸಿಗೆಯಲ್ಲಿ ಒಮ್ಮೆ ಕಡ್ಡಿ ಬೆಳೆಸೋಕೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ ಹಣ್ಣಿಗಾಗಿ, ವರ್ಷಕ್ಕೆ ಎರಡು ಸಲ ಸವರಬೇಕು. ವಿಜಯಪುರದ ಕಡೆ ಇದನ್ನ ಚಾಟ್ನಿ ಅಂತಾರೆ. ಋತುವನ್ನು ಕೈಯಿಂದ ತಯಾರಿಸುವ ಈ ಕೆಲಸವನ್ನು ಯಾವ ವೈನ್ ಬಾಟಲಿಯ ಲೇಬಲ್ಲೂ ಹೇಳಲ್ಲ.

1988ರಲ್ಲಿ ಕನ್ವಲ್ ಗ್ರೋವರ್ ಅವರು ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಜತೆ ಸೇರಿ ನಂದಿಯ ಬುಡದಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟರು. ಕ್ಯಾಬರ್ನೆ ಸುವಿನ್ಯಾನ್, ಶಿರಾಜ್, ಆಮೇಲೆ ವಿಯೋನಿಯೆ ನಮ್ಮ ಮಣ್ಣಿಗೆ ಒಗ್ಗಿದವು. ಒಳ್ಳೆಯ ವೈನ್ ಬಂತು, ಹೆಸರೂ ಬಂತು. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಈ ಸೀಮೆಗೆ ತನ್ನದೇ ಅನ್ನಬಹುದಾದ ಒಂದು ದ್ರಾಕ್ಷಿ ಮೊದಲೇ ಇತ್ತು. ಬೆಂಗಳೂರು ಬ್ಲೂ. ದಪ್ಪ ಸಿಪ್ಪೆ, ಬೀಜ, ಕಡು ನೇರಳೆ, ಮೂಗಿಗೆ ಮೊದಲೇ ತಾಗುವ ಘಮ. ಬೆಂಗಳೂರು, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ಸುಮಾರು 150 ವರ್ಷಗಳಿಂದ ಇದೆ, ವರ್ಷಕ್ಕೆ ಎರಡು ಬೆಳೆ ಕೊಡುತ್ತೆ. ಜ್ಯೂಸು, ಜಾಮು, ಸಿಹಿ ಪೋರ್ಟ್ ಮಾದರಿಯ ಅಗ್ಗದ ವೈನು, ಇವಕ್ಕೆಲ್ಲ ಇದೇ ಬೇಕು. ಜಗತ್ತಿನಲ್ಲಿ ಇಸಾಬೆಲ್ಲಾ ಅಂತ ಕರೆಯುವ, ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಇರುವ ತಳಿಯೇ ಇದು ಎಂದು ಗುರುತಿಸಲಾಗಿದೆ. ಇದರ ಘಮಕ್ಕೆ ವೈನ್ ಪಂಡಿತರು ಇಟ್ಟ ಹೆಸರು 'ನರಿ ವಾಸನೆ'. ತಿಂದವರಿಗೆ ಗೊತ್ತು, ಅದು ನಮ್ಮ ಬಾಲ್ಯದ ದ್ರಾಕ್ಷಿ ವಾಸನೆ.

ಈ ತಳಿಯ ರಾಜಕೀಯ ಕುತೂಹಲದ್ದು. 1930ರ ದಶಕದಲ್ಲಿ ಫ್ರಾನ್ಸ್ ಇಸಾಬೆಲ್ಲಾ ಸೇರಿ ಆರು ತಳಿಗಳ ಮೇಲೆ ನಿಷೇಧ ಹೇರಿತು. ಇದರ ವೈನ್ ಕುಡಿದರೆ ಹುಚ್ಚು ಹಿಡಿಯುತ್ತೆ ಅಂತ ಪ್ರಚಾರ ನಡೆಯಿತು. ಹಿಂದಿದ್ದ ಕಾರಣ ಬೇರೆ: ಮಾರುಕಟ್ಟೆಯಲ್ಲಿ ವೈನ್ ತುಂಬಿ ತುಳುಕುತ್ತಿತ್ತು, ಔಷಧ ಹೊಡೆಯದೆ ಬೆಳೆಯುವ ಬಡವರ ಬಳ್ಳಿ ದೊಡ್ಡ ತೋಟದವರಿಗೆ ತೊಡಕಾಗಿತ್ತು. ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲ್ಯಾಂಡಿನಲ್ಲೂ ಇದೇ ಜಾತಿಯ ದ್ರಾಕ್ಷಿಗಳಿಂದ ಊರವರು ಮಾಡುತ್ತಿದ್ದ 'ಊಹುಡ್ಲರ್' ವೈನಿನ ಮಾರಾಟ ನಿಷೇಧವಾಗಿತ್ತು. ಊರವರು ಹಟ ಬಿಡಲಿಲ್ಲ. 1992ರಲ್ಲಿ ಕೆಲವು ಹಳ್ಳಿಗಳಿಗೆ ಮಾರುವ ಹಕ್ಕು ವಾಪಸ್ ಬಂತು. ಇವತ್ತು ಅದನ್ನು ಕುಡಿಯೋಕೆ ಅಂತಲೇ ಪ್ರವಾಸಿಗರು ಅಲ್ಲಿಗೆ ಹೋಗ್ತಾರೆ. ಯಾವುದು 'ಶ್ರೇಷ್ಠ' ತಳಿ ಅನ್ನೋದನ್ನ ನಾಲಿಗೆ ಒಂದೇ ನಿರ್ಧರಿಸಲ್ಲ, ಕಾನೂನೂ ನಿರ್ಧರಿಸುತ್ತೆ.

ನಮ್ಮ ಕಾನೂನು ಏನು ಮಾಡಿತು? 2013ರಲ್ಲಿ ಬೆಂಗಳೂರು ಬ್ಲೂಗೆ ಭೌಗೋಳಿಕ ಸೂಚಕ, ಅಂದ್ರೆ ಜಿಐ ಟ್ಯಾಗ್ ಸಿಕ್ಕಿತು. ಪಕ್ಕದ ಮಹಾರಾಷ್ಟ್ರವನ್ನು ನೋಡಿ. ಅಲ್ಲಿ ಅದಕ್ಕೂ ಮೊದಲೇ ಟ್ಯಾಗ್ ಪಡೆದದ್ದು 'ನಾಸಿಕ್ ವ್ಯಾಲಿ ವೈನ್'. ಅವರು ಬಾಟಲಿಗೆ ಹೆಸರು ಬರೆಸಿಕೊಂಡರು, ನಾವು ಬುಟ್ಟಿಗೆ ಬರೆಸಿಕೊಂಡೆವು. ಬೆಲೆ ಏರೋದು ಬಾಟಲಿಯಲ್ಲಿ, ಬುಟ್ಟಿಯಲ್ಲಿ ಅಲ್ಲ. 2020ರ ಲಾಕ್‌ಡೌನ್‌ನಲ್ಲಿ ಚಿಕ್ಕಬಳ್ಳಾಪುರದ ದ್ರಾಕ್ಷಿ ಕೊಳ್ಳುವವರಿಲ್ಲದೆ ತೋಟದಲ್ಲೇ ಕೊಳೆತಾಗ ಆ ಟ್ಯಾಗ್ ಯಾರ ಕೈಯನ್ನೂ ಹಿಡಿಯಲಿಲ್ಲ.

ಈಗ ಯಲವಿಗಿಗೆ ವಾಪಸ್ ಬರ್ತೀನಿ. ಇಲ್ಲಿಂದ ರೈಲಿನಲ್ಲಿ ಹಾವೇರಿ ದಾಟಿದರೆ ಬ್ಯಾಡಗಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್ ಬಂದಿದೆ. 2024ರ ಮಾರ್ಚ್ 11ರಂದು ದರ ಕುಸಿದಾಗ ಅದೇ ಬ್ಯಾಡಗಿ ಎಪಿಎಂಸಿ ಕಚೇರಿಗೆ ರೈತರು ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ಮಾರುಕಟ್ಟೆಗೆ ಬರುವ ಮಾಲಿನಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಹೈಬ್ರಿಡ್ ಕಾಯಿಗಳದ್ದೂ ದೊಡ್ಡ ಪಾಲು. ಹೆಸರು ಊರಿನದು, ದರ ಬೇರೆಯವರದು. ಜಿಐ ಕಾಯ್ದೆಯಲ್ಲಿ ರೈತ 'ಅಧಿಕೃತ ಬಳಕೆದಾರ' ಅಂತ ನೋಂದಾಯಿಸಿಕೊಂಡರೆ ಮಾತ್ರ ಆ ಹೆಸರಿನ ಮೇಲೆ ಕಾನೂನಿನ ಹಕ್ಕು. ನಮ್ಮ ಕಡೆ ಹೊಲದಲ್ಲಿ ಕಾಯಿ ಬಿಡಿಸುವ ಎಷ್ಟು ಮಂದಿಗೆ ಇದನ್ನ ಯಾರಾದರೂ ಹೇಳಿದ್ದಾರೆ?

ಮೆಣಸಿನಕಾಯಿಯಲ್ಲಿ ಪ್ರಶ್ನೆ ದರದ್ದು. ದ್ರಾಕ್ಷಿಯಲ್ಲಿ ಅದು ನೆಲಕ್ಕೇ ಬಂತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತಲಿನ ನೆಲವನ್ನು ಅಳೆಯುವ ಮಾಪಕವೇ ಬದಲಾಯಿತು. ಬೆಂಗಳೂರು ಬ್ಲೂ ಟ್ಯಾಗಿನ ನಕ್ಷೆಯೊಳಗೇ ಬರುವ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ಅಂತ ಕೆಐಎಡಿಬಿ ಗುರುತಿಸಿತು. ದ್ರಾಕ್ಷಿ, ತರಕಾರಿ, ರಾಗಿ, ರೇಷ್ಮೆಯ ನೆಲ ಅದು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು.

ಈ ಗೆಲುವು ಜಿಐನಿಂದ ಬಂದದ್ದಲ್ಲ, ಧರಣಿಯಿಂದ ಬಂದದ್ದು. ಫ್ರಾನ್ಸಿನಲ್ಲಿ ನೆಲ ಮತ್ತು ಹೆಸರು ಒಂದಕ್ಕೊಂದು ಗಂಟು ಹಾಕಿಕೊಂಡಿವೆ: ಯಾವ ತುಂಡು ಭೂಮಿ, ಯಾವ ತಳಿ, ಹೆಕ್ಟೇರಿಗೆ ಎಷ್ಟು ಇಳುವರಿ ಅನ್ನೋದನ್ನೆಲ್ಲ 1935ರಿಂದಲೇ ಕಾನೂನು ಕಟ್ಟಿಕೊಂಡು ಬಂದಿದೆ. ಬರ್ಗಂಡಿಯ ದ್ರಾಕ್ಷಿ ತುಂಡುಗಳು 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅಲ್ಲಿ ತೋಟ ಕಿತ್ತು ಲೇಔಟ್ ಮಾಡ್ತೀನಿ ಅಂದ್ರೆ ಊರೇ ಎದ್ದು ನಿಲ್ಲುತ್ತೆ, ಕಾನೂನೂ ಜತೆಗಿರುತ್ತೆ. ನಮ್ಮ ಟ್ಯಾಗಿನಲ್ಲಿ ನೆಲದ ನಕ್ಷೆ ಇದೆ, ಆ ನೆಲ ಉಳಿಯಲೇಬೇಕು ಅನ್ನುವ ಒಂದು ಸಾಲಿಲ್ಲ.

ಕುಡಿತದಿಂದ ಹಾಳಾದ ಮನೆಗಳನ್ನು ನೋಡಿರುವ, ಮದ್ಯ ನಿಷೇಧಕ್ಕೆ ಹೋರಾಡುವ ಗೆಳತಿಯರು ಕೇಳಬಹುದು: ವೈನಿಗೆ ಯಾಕೆ ಇಷ್ಟು ವಕಾಲತ್ತು? ಕೇಳಬೇಕಾದ ಪ್ರಶ್ನೆಯೇ. ನಾನು ಇನ್ನೂ ಹೆಚ್ಚು ಅಂಗಡಿ ತೆರೆಯಿರಿ ಅಂತಿಲ್ಲ. ರೈತರ ಹೆಸರಿನಲ್ಲಿ ನೀತಿ ಮಾಡಿದವರು ರೈತರ ಲೆಕ್ಕ ಕೊಡಲಿ ಅಂತಿದೀನಿ. 2007ರಿಂದ ಈಚೆಗೆ ಬೆಂಗಳೂರು ಬ್ಲೂ ಬೆಳೆಗಾರರಿಗೆ ಕಿಲೋಗೆ ಸಿಕ್ಕ ದರ ಎಷ್ಟು, ವೈನರಿಗಳು ಮೊದಲೇ ದರ ಗೊತ್ತು ಮಾಡಿ ಬರವಣಿಗೆಯ ಒಪ್ಪಂದ ಮಾಡಿಕೊಂಡದ್ದು ಎಷ್ಟು ತೋಟಗಳ ಜತೆ, ಆ ನಾಲ್ಕು ಜಿಲ್ಲೆಗಳಲ್ಲಿ ಈಗ ಉಳಿದಿರುವ ದ್ರಾಕ್ಷಿ ಎಕರೆ ಎಷ್ಟು? ಈ ಮೂರು ಅಂಕಿಗಳನ್ನು ವೈನ್ ಬೋರ್ಡ್ ಪ್ರತಿ ವರ್ಷ ಪ್ರಕಟಿಸಬೇಕು. ಮೆಣಸಿನಕಾಯಿಗೂ ಇದೇ ಮೂರು ಅಂಕಿ ಕೊಡೋದು ತೋಟಗಾರಿಕೆ ಇಲಾಖೆಗೆ ಕಷ್ಟದ ಕೆಲಸವೇನಲ್ಲ.

ಚನ್ನರಾಯಪಟ್ಟಣದ ಘೋಷಣೆಯಲ್ಲಿ ಇನ್ನೊಂದು ಮಾತೂ ಇತ್ತು. ಸ್ವಇಚ್ಛೆಯಿಂದ ಜಮೀನು ಕೊಡುವವರಿದ್ದರೆ ಸರ್ಕಾರ ಹೆಚ್ಚಿನ ಪರಿಹಾರ ಕೊಟ್ಟು ಪಡೆಯುತ್ತೆ ಅಂತ. ಬುಟ್ಟಿ ದ್ರಾಕ್ಷಿಗೆ ದರವೇ ಸಿಗದ ವರ್ಷ ಬಂದಾಗ, ಆ 'ಸ್ವಇಚ್ಛೆ' ಎಷ್ಟು ದಿನ ತಡೆದೀತು?